ಮೆಟ್ಟಿಲುಗಳಿರಲಿ, ಗಡಿಯಾರವೂ ಇರಲಿ

ರಾಜ್ಯಶಾಸ್ತ್ರ ಓದುವ ನಮಗೆಲ್ಲ ಸಂವಿಧಾನದ 32ನೇ ವಿಧಿ ಬಾಯಿಪಾಠ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಅಂಬೇಡ್ಕರ್ ಅವರು ಇದನ್ನು ಸಂವಿಧಾನದ ಆತ್ಮ ಎಂದರು. ಆದರೆ ಜೈಲಿನಲ್ಲಿರುವವರಿಗೆ ಆ ದಾರಿ ಪುಸ್ತಕದಲ್ಲಿರುವಷ್ಟು ನೇರವಲ್ಲ. 226ನೇ ವಿಧಿಯಡಿ ಹೈಕೋರ್ಟಿಗೂ ಅಂಥದೇ ಅಧಿಕಾರವಿರುವುದರಿಂದ, ಮೊದಲು ಅಲ್ಲಿಗೆ ಹೋಗಿ ಎಂದು ಸುಪ್ರೀಂ ಕೋರ್ಟ್ ಹೇಳುವುದುಂಟು. ಜಾಮೀನಿನ ರೂಢಿಯೂ ಇದೇ: ಕೆಳಗಿನ ಕೋರ್ಟ್, ಹೈಕೋರ್ಟ್, ಕೊನೆಗೆ ದೆಹಲಿ.

ಈ ಕ್ರಮ ತಪ್ಪೆಂದು ನಾನು ಹೇಳುವುದಿಲ್ಲ. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಮಗನಿದ್ದರೆ, ಬಿಟಿಎಂ ಲೇಔಟಿನ ತಾಯಿ ಹೈಕೋರ್ಟಿಗೆ ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಬರಬಹುದು. ದೆಹಲಿಗೆ ರೈಲು ಬೇಕು, ಅಲ್ಲಿನ ವಕೀಲರ ಫೀಸು ಬೇಕು. ದಾಖಲೆ, ಸಾಕ್ಷಿ ಎಲ್ಲವೂ ಇಲ್ಲೇ ಇರುತ್ತವೆ. ಹತ್ತಿರದ ಬಾಗಿಲನ್ನು ಮೊದಲು ತಟ್ಟುವುದು ನ್ಯಾಯವೇ.

ನನ್ನ ತಕರಾರು ಬೇರೆ. ಒಂದೊಂದು ಮೆಟ್ಟಿಲಲ್ಲಿ ಎಷ್ಟು ದಿನ ಕಳೆಯಿತೆಂದು ಲೆಕ್ಕ ಇಡುವವರು ಯಾರು? ಕೇರಳದ ಪತ್ರಕರ್ತ ಸಿದ್ದೀಕ್ ಕಪ್ಪನ್ ಉತ್ತರ ಪ್ರದೇಶದಲ್ಲಿ ಬಂಧಿತರಾದದ್ದು 2020ರ ಅಕ್ಟೋಬರಿನಲ್ಲಿ. ಅವರ ಪರವಾಗಿ 32ನೇ ವಿಧಿಯಡಿ ಅರ್ಜಿ ಹೋದಾಗ, ಹೈಕೋರ್ಟಿಗೆ ಏಕೆ ಹೋಗಲಿಲ್ಲ ಎಂದು ಸುಪ್ರೀಂ ಕೋರ್ಟ್ ಕೇಳಿತು. ಮುಂದೆ ಕೆಳಗಿನ ಕೋರ್ಟೂ ಹೈಕೋರ್ಟೂ ಜಾಮೀನು ನಿರಾಕರಿಸಿದವು. ಕೊನೆಗೆ 2022ರ ಸೆಪ್ಟೆಂಬರ್ 9ರಂದು ಜಾಮೀನು ಕೊಟ್ಟದ್ದು ಅದೇ ಸುಪ್ರೀಂ ಕೋರ್ಟ್.

ಹಾಗಾದರೆ ನಡುವಿನ ಮೆಟ್ಟಿಲು ತೆಗೆದುಹಾಕಿದರೆ ಸರಿಹೋಗುತ್ತದೆಯೇ? ಅದೂ ಇಲ್ಲ. ಟಾಡಾ ಕಾಯ್ದೆಯಲ್ಲಿ ಮೇಲ್ಮನವಿ ಹೈಕೋರ್ಟಿಗಲ್ಲ, ನೇರ ಸುಪ್ರೀಂ ಕೋರ್ಟಿಗೇ ಹೋಗುತ್ತಿತ್ತು. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗನೊಬ್ಬನನ್ನು 1994ರ ಜನವರಿಯಲ್ಲಿ ಹಿಡಿದೊಯ್ದರು. 2004ರಲ್ಲಿ ಅಜ್ಮೀರದ ಟಾಡಾ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿದ್ದದ್ದು ಒಂದೇ ಮೆಟ್ಟಿಲು. ಅದನ್ನು ಹತ್ತಿ ನಿರಪರಾಧಿ ಎನಿಸಿಕೊಳ್ಳಲು 2016ರ ಮೇ ತಿಂಗಳು ಬರಬೇಕಾಯಿತು. ನಮ್ಮ ವಯಸ್ಸಿಗೆ ಹತ್ತಿರದಲ್ಲಿ ಒಳಗೆ ಹೋದವರು ನಲವತ್ತು ದಾಟಿ ಹೊರಬಂದರು.

ತಡವೇ ಒಂದು ಅನ್ಯಾಯ ಎಂಬುದನ್ನು ನಮ್ಮ ನ್ಯಾಯಾಲಯ ಒಪ್ಪಿದೆ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರು ಮರಣದಂಡನೆ ಕೈದಿಗಳ ಕ್ಷಮಾದಾನ ಅರ್ಜಿ ರಾಜ್ಯಪಾಲರಲ್ಲಿ ತಿರಸ್ಕೃತವಾಗಿ ರಾಷ್ಟ್ರಪತಿಗಳಿಗೆ ಹೋಗಿ, ಉತ್ತರಕ್ಕಾಗಿ ಸುಮಾರು 9 ವರ್ಷ ಕಾದಿತ್ತು. ಆ ವಿಳಂಬದ ಕಾರಣಕ್ಕೇ ಸುಪ್ರೀಂ ಕೋರ್ಟ್ 2014ರ ಜನವರಿ 21ರಂದು ಅವರ ಗಲ್ಲುಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಗಲ್ಲಿಗೆ ಅನ್ವಯಿಸಿದ ಮಾತು ಜಾಮೀನಿಗೂ ಮೇಲ್ಮನವಿಗೂ ಏಕೆ ಅನ್ವಯಿಸಬಾರದು? ಕೈದಿಗೆ ಅರ್ಜಿ ಹಾಕಲು ಕಾನೂನು ಗಡುವು ಇಡುತ್ತದೆ. ಉತ್ತರ ಕೊಡುವವರಿಗೂ ಗಡುವಿರಲಿ. ಅದು ಮೀರಿದರೆ ಮೇಲಿನ ಬಾಗಿಲು ತಾನಾಗಿ ತೆರೆಯಲಿ.

ಗೆಳೆಯರೇ, ಜೈಲಿನಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ಸೇವೆಗಳ ಸಹಾಯವಾಣಿ 15100. ಈ ಸಂಖ್ಯೆ ನಿಮ್ಮ ಬೀದಿಯವರಿಗೂ ಗೊತ್ತಿರಲಿ. ಪಿಯುಸಿ ಮುಗಿದ ಮೇಲೆ ಏನು ಎಂದು ಯೋಚಿಸುವಾಗ, ಎಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಕಾನೂನನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಆ ಗಡಿಯಾರಕ್ಕೆ ಕೀಲಿ ಕೊಡುವವರು ಬೇಕಾಗಿದ್ದಾರೆ.