ಬಿಚ್ಚುವ ಬಿಲ್ಲು ಬಿಲ್ಲಲ್ಲವೇ?



ಕಳೆದ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ನನ್ನ ತಮ್ಮನ ಮಗ ದೂರವಾಣಿ ಕರೆ ಮಾಡಿದನು. ಅಲ್ಲಿ ಆಗ ನಡುರಾತ್ರಿ. "ದೊಡ್ಡಪ್ಪ, ಜಿಂಕೆಗೆ ಬಾಣ ತಗುಲಿತು, ಆದರೆ ಬೀಳಲಿಲ್ಲ. ಟಾರ್ಚ್ ಹಿಡಿದು ಹನ್ನೊಂದರವರೆಗೆ ಹುಡುಕಿದೆ, ಸಿಗಲಿಲ್ಲ" ಎಂದನು. ಅಷ್ಟು ಹೇಳಿ ಬಹಳ ಹೊತ್ತು ಸುಮ್ಮನಿದ್ದನು. ಹತ್ತನೆಯ ತರಗತಿಯಲ್ಲಿ ಅಂಕ ಕಡಿಮೆ ಬಂದಾಗಲೂ ಆ ಹುಡುಗ ಹಾಗೆ ಮೌನವಾದದ್ದನ್ನು ನಾನು ಕಂಡಿರಲಿಲ್ಲ.

ನಮ್ಮ ಮನೆತನದಲ್ಲಿ ಬೇಟೆಯೇ ಎಂದು ಹುಬ್ಬೇರಿಸುವ ಬಂಧುಗಳಿಗೆ ಒಂದು ಮಾತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಅದು ಸರಿಯಾಗಿಯೇ ಇದೆ. ಮಿಷಿಗನ್ನಿನಲ್ಲಿ ಬಿಳಿಬಾಲದ ಜಿಂಕೆಯನ್ನು ಪರವಾನಗಿ ಪಡೆದು ಬೇಟೆಯಾಡಬಹುದು. ಬಿಲ್ಲುಗಾರರ ಋತು ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಬೇಟೆ ಧರ್ಮವೋ ಅಧರ್ಮವೋ ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ನಾನು ಶಾಕಾಹಾರಿ, ಬೇಟೆಗಾರನಲ್ಲ. ಆದರೆ ಬೇಟೆಯಾಡುವವನು ಪ್ರಾಣಿಯನ್ನು ನರಳಿಸಬಾರದು ಎಂಬ ವಿಷಯದಲ್ಲಿ ಎರಡು ಮಾತಿರಲಾರದು.

ಆ ದಿನ ಅವನ ಕೈಯಲ್ಲಿದ್ದುದು 55 ಪೌಂಡ್ ಎಳೆತದ, ಒಂದೇ ತುಂಡಿನ ರಿಕರ್ವ್ ಬಿಲ್ಲು. ತುದಿಗಳು ಹೊರಕ್ಕೆ ಬಾಗಿರುವ ಬಿಲ್ಲಿಗೆ ರಿಕರ್ವ್ ಎಂದು ಹೆಸರು. ಇದರಲ್ಲಿ ಎರಡು ಬಗೆ. ಒಂದರಲ್ಲಿ ಹಿಡಿಯೂ ಎರಡು ತೋಳುಗಳೂ ಬೇರ್ಪಡಿಸಲಾಗದಂತೆ ಒಂದಾಗಿರುತ್ತವೆ. ಇನ್ನೊಂದು ಟೇಕ್‌ಡೌನ್; ಇದರಲ್ಲಿ ನಡುವಿನ ಹಿಡಿಗೆ ಎರಡು ತೋಳುಗಳನ್ನು ಬೋಲ್ಟುಗಳಿಂದ ಜೋಡಿಸಿ, ಬೇಡವಾದಾಗ ಬಿಚ್ಚಿ ಚೀಲದಲ್ಲಿಡಬಹುದು. ಈಗ ಅವನು ಹೊಸ ಬಿಲ್ಲು ಕೊಳ್ಳಲು ಹೊರಟಿದ್ದಾನೆ. ಅಭ್ಯಾಸದ ಮೈದಾನದ ಗೆಳೆಯರು "ಟೇಕ್‌ಡೌನ್ ಎಂಬುದು ಯಂತ್ರ, ನಿಜವಾದ ಬೇಟೆಗಾರ ಒಂದೇ ತುಂಡಿನ ಬಿಲ್ಲನ್ನೇ ಹಿಡಿಯುತ್ತಾನೆ" ಎಂದು ಅವನ ಕಿವಿಯೂದಿದ್ದಾರೆ. ಇವನೂ ನನ್ನೊಡನೆ "ಗಾಂಡೀವವನ್ನು ಅರ್ಜುನ ಬೋಲ್ಟು ಬಿಚ್ಚಿ ಚೀಲದಲ್ಲಿಡುತ್ತಿದ್ದನೇ ದೊಡ್ಡಪ್ಪ?" ಎಂದು ವಾದಿಸಿದನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭೌತಶಾಸ್ತ್ರ ಬೋಧಿಸಿದವನು ಇದಕ್ಕೆ ಉತ್ತರ ಕೊಡದೆ ಇರುವುದು ಹೇಗೆ?

ಮೊದಲು ಆ "ಒಂದೇ ತುಂಡು" ಎಂಬ ಮಾತನ್ನೇ ಪರೀಕ್ಷಿಸೋಣ. ಇಂದು ಅಂಗಡಿಗಳಲ್ಲಿ ದೊರೆಯುವ ಅಂತಹ ಬಿಲ್ಲು ಸಾಮಾನ್ಯವಾಗಿ ಒಂದು ಮರದಿಂದ ಕಡೆದುದಲ್ಲ. ಮರದ ತೆಳುವಾದ ಪಟ್ಟಿಗಳನ್ನೂ ಫೈಬರ್‌ಗ್ಲಾಸ್ ಹಾಳೆಗಳನ್ನೂ ಅಂಟಿನಿಂದ ಕೂಡಿಸಿ, ಒತ್ತಿ, ಕಾಯಿಸಿ ಮಾಡಿದುದು. ಅಂಟಿನಿಂದ ಕೂಡಿಸಿದರೆ ಪರಂಪರೆ, ಬೋಲ್ಟಿನಿಂದ ಕೂಡಿಸಿದರೆ ಯಂತ್ರ ಎಂಬುದು ಯಾವ ನ್ಯಾಯ? ಅಮೆರಿಕದ ಬಿಲ್ಲುಬೇಟೆಗಾರರು ಗುರುವೆಂದು ಪೂಜಿಸುವ ಫ್ರೆಡ್ ಬೇರ್ (1902–1988) ಇದೇ ಮಿಷಿಗನ್ನಿನ ಗ್ರೇಲಿಂಗ್ ಎಂಬ ಊರಿನಲ್ಲಿ ಬಿಲ್ಲಿನ ಕಾರ್ಖಾನೆ ನಡೆಸಿದವರು. ಒಂದೇ ತುಂಡಿನ ಪ್ರಸಿದ್ಧ ಬಿಲ್ಲುಗಳನ್ನು ತಯಾರಿಸಿದ ಅವರೇ ಟೇಕ್‌ಡೌನ್ ಬಿಲ್ಲನ್ನೂ ರೂಪಿಸಿದರು, ಅದನ್ನು ಹಿಡಿದು ಬೇಟೆಗೂ ಹೋದರು. ಗುರುವಿಗೆ ಇಲ್ಲದ ಮಡಿ ಶಿಷ್ಯರಿಗೇಕೆ?

ಇನ್ನು ನಿಜವಾದ ಪ್ರಶ್ನೆಗೆ ಬರೋಣ. ಅದು ಬಿಲ್ಲಿನ ಚೆಲುವಿಗೆ ಸಂಬಂಧಿಸಿದ್ದಲ್ಲ. ಎಳೆಯುವವನ ಶಕ್ತಿಗೂ ಬಿಲ್ಲಿನ ಭಾರಕ್ಕೂ ಹೊಂದಿಕೆ ಇದೆಯೇ ಎಂಬುದು. ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಸಂಖ್ಯೆ ಸಾಮಾನ್ಯವಾಗಿ 28 ಅಂಗುಲ ಎಳೆದಾಗಿನ ಲೆಕ್ಕ. ಒಂದು ಅಂಗುಲ ಕಡಿಮೆ ಎಳೆದರೆ ಎರಡರಿಂದ ಮೂರು ಪೌಂಡ್ ಇಳಿಯುತ್ತದೆ. ನಮ್ಮ ಹುಡುಗನ ಎಳೆತ 28 ಅಂಗುಲ. ಆದರೆ 55 ಪೌಂಡಿನ ಬಿಲ್ಲನ್ನು ಸೆಳೆಯುವಾಗ ತೋಳು ನಡುಗಿ 26ಕ್ಕೇ ನಿಂತುಬಿಡುತ್ತಿತ್ತೆಂದು ಅವನೇ ಒಪ್ಪಿಕೊಂಡಿದ್ದಾನೆ.

ಪೆನ್ಸಿಲ್ ತೆಗೆದುಕೊಳ್ಳಿ. ವಿಶ್ರಾಂತ ಸ್ಥಿತಿಯಲ್ಲಿ ಹೆದೆಯು ಹಿಡಿಯಿಂದ ಏಳೂವರೆ ಅಂಗುಲ ದೂರದಲ್ಲಿದೆ ಎಂದುಕೊಳ್ಳೋಣ. 26 ಅಂಗುಲಕ್ಕೆ ನಿಂತರೆ ಹೆದೆ ಚಲಿಸಿದ ದೂರ 18.5 ಅಂಗುಲ, ಬಲ ಸುಮಾರು 50 ಪೌಂಡ್. ಬಲ ಸಮನಾಗಿ ಏರುತ್ತದೆಂದು ಭಾವಿಸಿದರೆ ಸಂಗ್ರಹವಾದ ಶಕ್ತಿ ಇವೆರಡರ ಗುಣಲಬ್ಧದ ಅರ್ಧ, ಅಂದರೆ ಸುಮಾರು 462 ಅಂಗುಲ-ಪೌಂಡ್. ಅದೇ ಹುಡುಗ 45 ಪೌಂಡಿನ ಬಿಲ್ಲನ್ನು ಪೂರ್ತಿ 28 ಅಂಗುಲ ಸೆಳೆದರೆ? 45ನ್ನು 20.5ರಿಂದ ಗುಣಿಸಿ ಅರ್ಧ ಮಾಡಿದರೆ ಸುಮಾರು 461. ಸ್ಥೂಲ ಲೆಕ್ಕವೇ ಸರಿ, ಆದರೆ ಪಾಠ ಸ್ಪಷ್ಟ. ಹತ್ತು ಪೌಂಡ್ ಹೆಚ್ಚಿನ ಬಿಲ್ಲಿನಿಂದ ಬಾಣಕ್ಕೆ ದೊರೆತ ಲಾಭ ಶೂನ್ಯ. ಕೈ ನಡುಗಿ ಗುರಿ ತಪ್ಪಿದ್ದು ಮಾತ್ರ ನಷ್ಟ.

ಟೇಕ್‌ಡೌನ್ ಮೇಲೆನ್ನಲು ಇದೇ ಕಾರಣ. 30 ಅಥವಾ 35 ಪೌಂಡಿನ ತೋಳುಗಳಿಂದ ಆರಂಭಿಸಿ, ಬೆನ್ನಿನ ಸ್ನಾಯುಗಳು ಬಲಿತಂತೆ ಅದೇ ಹಿಡಿಗೆ 40ರ, ಆಮೇಲೆ 45ರ ತೋಳುಗಳನ್ನು ಜೋಡಿಸಬಹುದು. ಕೈಗೆ ಒಗ್ಗಿದ ಹಿಡಿ ಬದಲಾಗುವುದಿಲ್ಲ. ಒಂದೇ ತುಂಡಿನ ಬಿಲ್ಲು ಕೊಳ್ಳುವವನು "ಮುಂದೆ ಹೇಗೂ ಬಲ ಬರುತ್ತದೆ" ಎಂದು ಮೊದಲ ದಿನವೇ ಭಾರವಾದುದನ್ನು ಆರಿಸುತ್ತಾನೆ. ಒಂದನೆಯ ತರಗತಿಯ ಮಗುವಿಗೆ ಹತ್ತನೆಯ ತರಗತಿಯ ಪುಸ್ತಕ ಕೊಡಿಸಿದಂತೆ! ಆ ದುರಾಸೆಯ ಬೆಲೆಯನ್ನು ತೆರುವವನು ಅವನಲ್ಲ, ಜಿಂಕೆ.

ಎದುರು ಪಕ್ಷದ ವಾದವನ್ನೂ ಕೇಳೋಣ. ಒಂದೇ ತುಂಡಿನ ಬಿಲ್ಲು ಹಗುರ, ತೆಳು, ಕೈಯಲ್ಲಿ ಹಿತ. ಎರಡು ವರ್ಷಗಳ ಹಿಂದೆ ಅಲ್ಲಿದ್ದಾಗ ನಾನೂ ಹಿಡಿದು ನೋಡಿದ್ದೇನೆ, ಒಪ್ಪುತ್ತೇನೆ. ಅದು ನಿಶ್ಶಬ್ದ ಎನ್ನುತ್ತಾರೆ, ಇದು ಗಂಭೀರವಾದ ಮಾತು. 20 ಗಜ, ಎಂದರೆ 60 ಅಡಿ ದೂರವನ್ನು ಸೆಕೆಂಡಿಗೆ 180 ಅಡಿ ವೇಗದ ಬಾಣ ಕ್ರಮಿಸಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ಹೆದೆಯ ಸದ್ದಿಗೆ ಸಾಕಾಗುವುದು ಸುಮಾರು ಇಪ್ಪತ್ತನೆಯ ಒಂದು ಭಾಗ. ಸದ್ದು ಮೊದಲು ತಲಪುತ್ತದೆ, ಜಿಂಕೆ ಬೆಚ್ಚಿ ಮೈ ಕುಗ್ಗಿಸುತ್ತದೆ, ಬಾಣ ಬೇರೆಲ್ಲೋ ನಾಟುತ್ತದೆ. ಆದರೆ ಸದ್ದನ್ನು ತಗ್ಗಿಸುವುದು ಬಿಲ್ಲಿನ ಅಖಂಡತೆಯೊಂದೇ ಅಲ್ಲ. ಭಾರವಾದ ಬಾಣ, ಹೆದೆಗೆ ಕಟ್ಟುವ ಉಣ್ಣೆಯ ಕುಚ್ಚು, ಹೆದೆಗೂ ಹಿಡಿಗೂ ಇರುವ ಅಂತರದ ಸರಿಯಾದ ಹೊಂದಾಣಿಕೆ, ಬಿಗಿಯಾದ ಬೋಲ್ಟು, ಇವು ಟೇಕ್‌ಡೌನಿಗೂ ಸಾಧ್ಯ. ತೋಳು ಬದಲಿಸಿದಾಗ ಬಾಣದ ಬಿಗುವನ್ನೂ ಮತ್ತೆ ಹೊಂದಿಸಬೇಕು ಎಂಬುದೊಂದು ತೊಂದರೆ, ನಿಜ. ಆ ತೊಂದರೆ ಪಡಲಾರದವನು ಬೇಟೆಗೇ ಹೋಗಬಾರದು.

ಇನ್ನೊಂದು ಲೌಕಿಕ ಸಂಗತಿ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟು ಅಂಟು ಸಡಿಲಿದರೆ, ಮೂಲೆಗೆ ಒರಗಿಸಿಟ್ಟು ತೋಳು ತಿರುಚಿದರೆ, ಒಂದೇ ತುಂಡಿನ ಇಡೀ ಬಿಲ್ಲು ಅಟ್ಟ ಸೇರುವುದೇ ಹೆಚ್ಚು. ಟೇಕ್‌ಡೌನಿನಲ್ಲಿ ತೋಳುಗಳನ್ನಷ್ಟೇ ಬದಲಿಸಿದರೆ ಸಾಕು.

ಗಾಂಡೀವದ ಪ್ರಶ್ನೆಗೂ ಉತ್ತರಿಸುತ್ತೇನೆ. ವಿರಾಟನಗರವನ್ನು ಹೊಗುವ ಮುನ್ನ ಪಾಂಡವರು ತಮ್ಮ ಬಿಲ್ಲುಗಳ ಹೆದೆಯನ್ನು ಇಳಿಸಿ ಶಮೀವೃಕ್ಷದಲ್ಲಿ ಅಡಗಿಸಿಟ್ಟರು. ಬೇಡವಾದಾಗ ಬಿಲ್ಲನ್ನು ಸಡಿಲಿಸಿಡುವುದು ವೀರನಿಗೆ ಅವಮಾನವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಅರ್ಜುನನು ಗಾಂಡೀವವನ್ನು ಆಕರ್ಣಾಂತವಾಗಿ, ಎಂದರೆ ಕಿವಿಯವರೆಗೆ ಸೆಳೆಯಬಲ್ಲವನಾಗಿದ್ದನು. ಆದ್ದರಿಂದಲೇ ಅದು ಅವನ ಬಿಲ್ಲಾಯಿತು. ಅರ್ಧಕ್ಕೆ ನಡುಗುವವನ ಕೈಯಲ್ಲಿ ಗಾಂಡೀವವೂ ಒಂದು ಕೋಲೇ.

ಆದ್ದರಿಂದ ಮಗೂ, ಈ ಸಲ ಟೇಕ್‌ಡೌನನ್ನೇ ತೆಗೆದುಕೊ. ಹಗುರವಾದ ತೋಳುಗಳಿಂದ ಆರಂಭಿಸು. ನಿಮ್ಮ ಕಡೆಯ ಬೇಟೆಗಾರರು ಅಭ್ಯಾಸಕ್ಕೆ ಗುರಿಯಾಗಿಡುವ ಕಾಗದದ ಊಟದ ತಟ್ಟೆ ಇದೆಯಲ್ಲ, ಅದಕ್ಕೆ 20 ಗಜದಿಂದ, ಚಳಿಯಲ್ಲಿ, ದಪ್ಪ ಅಂಗಿ ತೊಟ್ಟು, ಒಂದು ಗಂಟೆ ಅಲುಗದೆ ಕುಳಿತು ಎದ್ದ ಕೂಡಲೇ ಬಾಣ ಬಿಡು. ಹತ್ತಕ್ಕೆ ಹತ್ತೂ ತಟ್ಟೆಯೊಳಗೆ ಬೀಳುವ ತನಕ ಕಾಡಿಗೆ ಹೋಗಬೇಡ. ಒಂದು ಋತು ತಪ್ಪಿದರೆ ತಪ್ಪಲಿ. ಬಿಲ್ಲಿನ ಭಾರ ಕಡಿಮೆಯೆಂದು ಅಲ್ಲಿನ ನಿಯಮ ತಡೆಯದಂತೆಯೂ ನೋಡಿಕೊ. ಮೂರು ನಾಲ್ಕು ವರ್ಷಗಳಲ್ಲಿ ನಿನ್ನ ಭಾರ ಯಾವುದೆಂದು ನಿನ್ನ ತೋಳೇ ಹೇಳುತ್ತದೆ. ಆಗ ಆ ಭಾರದ, ಒಂದೇ ತುಂಡಿನ ಚೆಲುವಾದ ಬಿಲ್ಲನ್ನು ಕೊಳ್ಳು. ಅದರ ಹಣ ನಾನೇ ಕಳುಹಿಸುತ್ತೇನೆ.

ಮತ್ತೊಮ್ಮೆ ಅಂತಹ ನಡುರಾತ್ರಿಯ ಕರೆ ಮಾತ್ರ ನನಗೆ ಬರದಿರಲಿ.