ಓಲೆಯ ಹೊಳಪು, ಕಿವಿಯ ತುರಿಕೆ

ಮದುವೆಯ ಸುಗ್ಗಿ ಬಂತೆಂದರೆ ಚಿಕಿತ್ಸಾಲಯಕ್ಕೆ ತುರಿಕೆಯವರು ಬರಲಾರಂಭಿಸುತ್ತಾರೆ. ಕಿವಿಯ ಹಾಲೆ ಕೆಂಪಾಗಿ ನೀರೊಡೆದಿರುತ್ತದೆ. ಕುತ್ತಿಗೆಯ ಮೇಲೆ ಸರ ಕೂತ ಜಾಗದಲ್ಲೇ ಸರದ ಆಕಾರದಲ್ಲೇ ದದ್ದು ಎದ್ದಿರುತ್ತದೆ. ಕೇಳಿದರೆ 'ಉಷ್ಣ ಆಗೇದ' ಎನ್ನುತ್ತಾರೆ. ರಾಯಚೂರಿನ ಬಿಸಿಲು ಬಲ್ಲವರು ಹಾಗೆ ತಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಬಿಸಿಲು ಬರೀ ಸಹಾಯಕ. ನಿಜವಾದ ಅಪರಾಧಿ ಆಭರಣದಲ್ಲಿರುವ ನಿಕಲ್ ಎಂಬ ಲೋಹ.

ನಿಕಲ್ ಬೆಳ್ಳಿಯ ಬಣ್ಣದ ಗಟ್ಟಿ ಲೋಹ. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುತ್ತದೆ, ಆದರೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಕೈಗಾರಿಕೆಗೆ ಬೇಕಾದದ್ದು ಇದೇ ಗುಣ. ಜಗತ್ತಿನಲ್ಲಿ ತೆಗೆಯುವ ನಿಕಲ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ಟೇನ್‌ಲೆಸ್ ಸ್ಟೀಲ್ ತಯಾರಿಕೆಗೆ ಹೋಗುತ್ತದೆ. ಉಳಿದದ್ದು ಬ್ಯಾಟರಿ, ನಾಣ್ಯ, ಲೇಪನ ಇತ್ಯಾದಿಗಳಿಗೆ. ನಮ್ಮ 20 ರೂಪಾಯಿ ನಾಣ್ಯದ ಹೊರಬಳೆಯಲ್ಲಿ ನೂರಕ್ಕೆ 20 ಭಾಗ ನಿಕಲ್ ಇದೆ. ಜರ್ಮನ್ ಸಿಲ್ವರ್ ಎಂಬುದೂ ತಾಮ್ರ, ಸತು, ನಿಕಲ್‌ಗಳ ಮಿಶ್ರಣವೇ, ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. (ನಮ್ಮ ಕಡೆ 'ಜರ್ಮನ್' ಪಾತ್ರೆ ಎಂದರೆ ಅಲ್ಯುಮಿನಿಯಂ. ಅದು ಬೇರೆ.)

ಅಗ್ಗದ ಗಿಲೀಟು ಒಡವೆಯ ಒಳಗೆ ಸಾಮಾನ್ಯವಾಗಿ ಹಿತ್ತಾಳೆ ಇರುತ್ತದೆ. ಹೊಳಪು ನಿಲ್ಲಲೆಂದು ಅದಕ್ಕೆ ನಿಕಲ್ ಲೇಪಿಸಿ, ಅದರ ಮೇಲೆ ಚಿನ್ನದ ತೆಳು ಪೊರೆ ಹಚ್ಚುತ್ತಾರೆ. ನಾಲ್ಕು ದಿನ ತಿಕ್ಕಿದರೆ ಆ ಪೊರೆ ಹೋಗುತ್ತದೆ. ಬೆವರಿನ ಉಪ್ಪಿಗೆ ನಿಕಲ್ ಸ್ವಲ್ಪ ಸ್ವಲ್ಪವೇ ಕರಗಿ ಚರ್ಮದೊಳಗೆ ಇಳಿಯುತ್ತದೆ. ಶರೀರದ ರಕ್ಷಣಾ ವ್ಯವಸ್ಥೆ ಒಮ್ಮೆ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡರೆ ಆ ನೆನಪು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ದದ್ದು ಏಳುವುದು ಒಡವೆ ತೊಟ್ಟ ಒಂದೆರಡು ದಿನಕ್ಕೆ. ಅಷ್ಟರಲ್ಲಿ ಮದುವೆ ಮುಗಿದು, ಒಡವೆ ಪೆಟ್ಟಿಗೆ ಸೇರಿರುತ್ತದೆ. ಅದರ ಮೇಲೆ ಯಾರಿಗೂ ಸಂಶಯವೇ ಬರುವುದಿಲ್ಲ.

ವೈದ್ಯರಿಗೂ ಬರುವುದಿಲ್ಲ. ಮಾನ್ವಿ ತಾಲೂಕಿನ ಹಳ್ಳಿಯ ಒಬ್ಬ ಕೂಲಿ ಹೆಣ್ಣುಮಗಳು ಎದೆಯ ಮೇಲಿನ ತುರಿಕೆಗೆಂದು ನನ್ನಲ್ಲಿಗೆ ಬಂದಾಗ ಹುಳಕಡ್ಡಿ ಎಂದು ತಿಳಿದು ಎರಡು ತಿಂಗಳು ಔಷಧಿ ಕೊಟ್ಟೆ. ನಡುವೆ ಆಕೆ ಔಷಧಿ ಅಂಗಡಿಯಿಂದ ತಾನೇ ಒಂದು ಮುಲಾಮು ತಂದು ಹಚ್ಚಿಕೊಂಡಿದ್ದಳು. ಮೂರು ನಾಲ್ಕು ಔಷಧಿ ಬೆರೆಸಿದ ಇಂಥ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮರಳಿ ಬರುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. ಅದು ನಿಜವಾಗಿ ಹುಳಕಡ್ಡಿಯೇ ಆಗಿದ್ದರಂತೂ ಒಳಗೊಳಗೇ ಹರಡುತ್ತದೆ. ಮೂರನೆಯ ಸಲ ಬಂದಾಗ ಗಮನಿಸಿದೆ: ಆಕೆಯ ಕೊರಳಲ್ಲಿ ಗಿಲೀಟು ಸರ, ಅದಕ್ಕೆ ತಾಳಿ, ತಾಳಿಯ ಪಕ್ಕಕ್ಕೆ ಐದಾರು ಸೇಫ್ಟಿ ಪಿನ್ನು. ನಾಟಿ ಹಚ್ಚುವಾಗ ದಿನವಿಡೀ ಬಗ್ಗಿ ಬೆವರುವ ಎದೆಯ ಮೇಲೆ ಆ ಗೊಂಚಲು ತೂಗಾಡುತ್ತಿತ್ತು.

'ಇದನ್ನ ತೆಗೀಬೇಕಾಗ್ತದವ್ವಾ' ಎಂದೆ. 'ತಾಳಿ ತೆಗಿ ಅಂತೀರೇನ್ರಿ ಡಾಕ್ಟ್ರ?' ಎಂದು ಎದ್ದೇ ನಿಂತಳು. ತಾಳಿಯಲ್ಲ, ಸರ ಎಂದು ತಿಳಿಹೇಳುವಷ್ಟರಲ್ಲಿ ಸಾಕಾಯಿತು. 'ಬಂಗಾರದ್ದು ಹಾಕ್ಕೊಳ್ಳಾಕ ನಾವೇನ್ ಸಾವ್ಕಾರ್ರಾ?' ಎಂಬುದು ಮುಂದಿನ ಪ್ರಶ್ನೆ. ಹಟ್ಟಿಯ ಚಿನ್ನದ ಗಣಿ ಇರುವುದು ಇದೇ ಜಿಲ್ಲೆಯಲ್ಲಿ.

ಡೆನ್ಮಾರ್ಕ್ ದೇಶ 1990ರ ಸುಮಾರಿಗೇ ಒಡವೆಗಳಿಂದ ಹೊರಬರುವ ನಿಕಲ್‌ಗೆ ಮಿತಿ ಹಾಕಿತು. 1994ರಲ್ಲಿ ಯುರೋಪಿನ ಒಕ್ಕೂಟ ಅದನ್ನೇ ಅನುಸರಿಸಿತು. ಚರ್ಮಕ್ಕೆ ತಾಗುವ ವಸ್ತುವಿನ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ ಅರ್ಧ ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಕೂಡದು. ಚುಚ್ಚಿದ ತೂತಿನೊಳಗೆ ಹಾಕುವ ಕಡ್ಡಿಗೆ ಮಿತಿ ಇನ್ನೂ ಕಡಿಮೆ, 0.2 ಮೈಕ್ರೋಗ್ರಾಂ. ಅನಂತರ ಕಿವಿ ಚುಚ್ಚಿಸಿಕೊಂಡ ಅಲ್ಲಿನ ಹುಡುಗಿಯರಲ್ಲಿ ಈ ಅಲರ್ಜಿ ಗಮನಾರ್ಹವಾಗಿ ಇಳಿಯಿತು. ದೇವದುರ್ಗದ ಸಂತೆಯಲ್ಲಿ ರಟ್ಟಿಗೆ ಚುಚ್ಚಿ ಮಾರುವ ಓಲೆಯ ಮೇಲಾಗಲಿ, ರಾಯಚೂರಿನ ಅಂಗಡಿಗಳ 'ಒನ್ ಗ್ರಾಂ ಗೋಲ್ಡ್' ಡಬ್ಬಿಯ ಮೇಲಾಗಲಿ ಒಳಗೆ ಯಾವ ಲೋಹವಿದೆಯೆಂದು ಬರೆದದ್ದನ್ನು ನಾನು ಕಂಡಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಕ್ಕರೆ ಎಷ್ಟೆಂದು ಬರೆಯಬೇಕಾದ ದೇಶದಲ್ಲಿ, ಮಗುವಿನ ಕಿವಿಯೊಳಗೆ ವರ್ಷಗಟ್ಟಲೆ ಕೂರುವ ಕಡ್ಡಿಯ ಬಗ್ಗೆ ಒಂದು ಸಾಲು ಬರೆಯಿರೆಂದು ಸರಕಾರ ವ್ಯಾಪಾರಿಗಳಿಗೆ ಕಟ್ಟುನಿಟ್ಟಾಗಿ ಹೇಳಬೇಡವೆ? ಬೆವರು ಸುರಿಯುವ ನಮ್ಮಂಥ ಊರುಗಳಿಗೆ ಈ ಕಾನೂನು ಡೆನ್ಮಾರ್ಕಿಗಿಂತ ಹೆಚ್ಚು ಅವಶ್ಯ.

ಅಲ್ಲಿಯವರೆಗೆ ಹೆತ್ತವರು ಒಂದು ಎಚ್ಚರ ವಹಿಸಬೇಕು. ಅಲರ್ಜಿ ಬಹುಮಟ್ಟಿಗೆ ಶುರುವಾಗುವುದೇ ಕಿವಿ ಚುಚ್ಚಿಸಿದಾಗ. ಆ ಹಸಿ ಗಾಯದಲ್ಲಿ ಗಿಲೀಟು ಹಾಕಲೇಬೇಡಿ. ಗುಂಜಿ ತೂಕದ್ದಾದರೂ ಸರಿ, ನಂಬಿಕೆಯ ಅಕ್ಕಸಾಲಿಗರಿಂದ ಚಿನ್ನದ ತಂತಿಯನ್ನೇ ಹಾಕಿಸಿ. ಆಗದಿದ್ದರೆ ಚುಚ್ಚಿಸುವುದನ್ನೇ ಮುಂದೂಡಿ. ದೊಡ್ಡವರಲ್ಲಿ ಕೈಗಡಿಯಾರದ ಪಟ್ಟಿ, ಹೊಕ್ಕಳ ಕೆಳಗೆ ತಾಗುವ ಪ್ಯಾಂಟಿನ ಗುಂಡಿ, ಕಾಲುಂಗುರ ಇವುಗಳ ಜಾಗದಲ್ಲೇ ನವೆಯಿದ್ದರೆ ಮುಲಾಮು ಕೊಳ್ಳುವ ಮೊದಲು ಅವನ್ನು ತೆಗೆದಿಟ್ಟು ನೋಡಿ. ಅನುಮಾನ ಉಳಿದರೆ ಚರ್ಮರೋಗ ತಜ್ಞರು ಬೆನ್ನಿನ ಮೇಲೆ ನಿಕಲ್ ಪಟ್ಟಿ ಅಂಟಿಸಿ ಎರಡು ದಿನದ ಬಳಿಕ ಪರೀಕ್ಷಿಸಿ ಹೇಳುತ್ತಾರೆ. ಸ್ಟೀಲಿನ ತಟ್ಟೆ ಲೋಟಗಳನ್ನು ಹೊರಗೆಸೆಯುವ ಅಗತ್ಯವಿಲ್ಲ. ಅವುಗಳಲ್ಲಿ ನಿಕಲ್ ಇದ್ದರೂ ಮೇಲಿನ ಕ್ರೋಮಿಯಂ ಪೊರೆ ಅದನ್ನು ಹೊರಬಿಡುವುದು ತೀರ ಕಡಿಮೆ.

ಮಾನ್ವಿಯ ಆ ಹೆಣ್ಣುಮಗಳು ಚಿನ್ನದ ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿಕೊಂಡಳು. ಮೂರು ವಾರದಲ್ಲಿ ಗಾಯ ಒಣಗಿತು. ಪಿನ್ನುಗಳು ಈಗ ಆಕೆಯ ಎಲೆಅಡಿಕೆ ಚೀಲದಲ್ಲಿವೆ.