ತೊಗರಿಯ ನೆಟೆ ರೋಗ: ‘ಹಬ್’ ಪ್ರೋಟೀನಿನಿಂದ ಹುಡುಕಾಟ ಶುರುವಾಗಬೇಕೇ?

ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ತೊಗರಿ ಗಿಡ ಒಂದು ಮಗ್ಗುಲಿಂದ ಬಾಡತೊಡಗುತ್ತದೆ. ನೆಲದಲ್ಲಿ ಹಸಿ ಇದ್ದರೂ ಎಲೆ ಜೋತು ಬೀಳುತ್ತವೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ, ತೊಗಟೆ ಸುಲಿದರೆ ಒಳಗೆ ಕಪ್ಪು ಗೆರೆ. ಮಣ್ಣಿನ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಬಿಟ್ಟಿರುತ್ತದೆ. ತಾಂಡೂರು, ಜಹೀರಾಬಾದಿನಿಂದ ಬೀದರ್, ಕಲಬುರಗಿವರೆಗೆ ರೈತರಿಗೆ ಗೊತ್ತಿರುವ ನೆಟೆ ರೋಗ ಇದು. ಇದನ್ನು ತಡೆಯುವ ದಾರಿ ಹುಡುಕಲು, ತೊಗರಿಯ ಜೀವಕೋಶದೊಳಗೆ ಯಾವ ಪ್ರೋಟೀನ್ ಯಾವುದರ ಜತೆ ಕೂಡುತ್ತದೆಂದು ಜಾಲ ಬರೆದು, ಅತಿ ಹೆಚ್ಚು ನಂಟುಳ್ಳ ‘ಹಬ್’ ಪ್ರೋಟೀನ್‌ಗಳನ್ನು ಮೊದಲು ಹಿಡಿಯಬೇಕೇ?

ಪರ

ಹೌದು, ಅಲ್ಲಿಂದಲೇ. ಜಹೀರಾಬಾದಿನ ಹತ್ತಿರದ ಹಳ್ಳಿ ಪಸ್ತಾಪುರದ ಪಕ್ಕದ ಹೆದ್ದಾರಿ ಹಿಡಿದು ಹೈದರಾಬಾದಿನ ಕಡೆ ಹೊರಟರೆ ಪಟಾನ್‌ಚೆರುವಿನಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸಿಗುತ್ತದೆ. ಅದರ ಮುಂದಾಳತ್ವದ ತಂಡ 2011ರಲ್ಲಿ ‘ಆಶಾ’ ಎಂಬ ತೊಗರಿ ತಳಿಯ ಜೀನೋಮ್ ಪ್ರಕಟಿಸಿತು. ಅಂದಾಜಾದ ವಂಶವಾಹಿಗಳು 48,680. ಇಷ್ಟನ್ನೂ ಒಂದೊಂದಾಗಿ ಪರೀಕ್ಷಿಸಲು ಯಾರ ಬಳಿಯೂ ಹಣವಿಲ್ಲ, ಆಯುಸ್ಸೂ ಇಲ್ಲ. ಎಲ್ಲಿಂದಲೋ ಒಂದು ಕಡೆಯಿಂದ ಶುರುಮಾಡಲೇಬೇಕಲ್ಲ.

ಹಬ್‌ಗಳಿಂದಲೇ ಏಕೆ? 2001ರಲ್ಲಿ ಯೀಸ್ಟಿನ 1,870 ಪ್ರೋಟೀನ್‌ಗಳ ಜಾಲ ನೋಡಿದಾಗ, ಐದು ಅಥವಾ ಅದಕ್ಕಿಂತ ಕಡಿಮೆ ನಂಟಿನವುಗಳಲ್ಲಿ ತೆಗೆದರೆ ಜೀವ ಹೋಗುವಂಥವು ಶೇ. 21ರಷ್ಟು, ಹದಿನೈದಕ್ಕಿಂತ ಹೆಚ್ಚು ನಂಟಿನವುಗಳಲ್ಲಿ ಶೇ. 62ರಷ್ಟು. ಗಿಡಗಳಿಗೆ ಬಂದರೆ, 2011ರಲ್ಲಿ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದ ಅಧ್ಯಯನ ಇನ್ನೂ ನೇರವಾದ ಸಾಕ್ಷಿ. ಒಂದಕ್ಕೊಂದು ನಂಟೇ ಇಲ್ಲದ ಎರಡು ರೋಗಕಾರಕಗಳು ತಮ್ಮ ಆಯುಧಗಳನ್ನು ಗಿಡದ ಹಬ್‌ಗಳ ಮೇಲೇ ಗುರಿಯಿಟ್ಟಿದ್ದವು. ಎರಡೂ ಹಿಡಿದಿದ್ದ 17 ಪ್ರೋಟೀನ್‌ಗಳಲ್ಲಿ 15ಕ್ಕೆ ರೋಗದೊಂದಿಗೆ ನಂಟಿರುವುದು ಪರೀಕ್ಷೆಯಲ್ಲಿ ಖಚಿತವಾಯಿತು. ಶತ್ರುವೇ ತೋರಿಸಿಕೊಟ್ಟ ಜಾಗವನ್ನು ಬಿಟ್ಟು ಬೇರೆಲ್ಲೋ ಹುಡುಕುವುದೇಕೆ?

ವಿರೋಧ

ಅರಬಿಡಾಪ್ಸಿಸ್ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ತೊಗರಿಯಲ್ಲ. ತೊಗರಿಯದೆಂದು ಹೇಳುವ ಜಾಲದ ಬಹುಪಾಲು, ಹೋಲಿಕೆಯ ಮೇಲೆ ಅದೇ ಗಿಡದಿಂದ ಎರವಲು ತಂದದ್ದು. ಎರವಲು ನಂಟುಗಳನ್ನು ಎಣಿಸಿ ನಮ್ಮ ಹೊಲದ ಹಬ್ ಇದು ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ನಂಟಿನ ಲೆಕ್ಕದಲ್ಲೇ ಒಂದು ಓರೆ ಇದೆ. ಪಸ್ತಾಪುರದ ಸುತ್ತ ಯಾರ ಮನೆಗೆ ಹೆಚ್ಚು ಜನ ಬೀಜ ಕೇಳಿಕೊಂಡು ಬರುತ್ತಾರೆಂದು ತಿಳಿಯಲು ಹೊರಟವರು ರಸ್ತೆಬದಿಯ ಮನೆಗಳಲ್ಲಷ್ಟೇ ವಿಚಾರಿಸಿದರೆ, ರಸ್ತೆಬದಿಯವರೇ ‘ಬೀಜದ ಯಜಮಾನಿ’ಯರಾಗಿ ಕಾಣುತ್ತಾರೆ. ಒಳಗಿನ ತಾಂಡಾದ ಅಜ್ಜಿ ಪಟ್ಟಿಯಲ್ಲೇ ಇರುವುದಿಲ್ಲ. ಪ್ರೋಟೀನ್‌ಗಳ ಪಾಡೂ ಹೀಗೇ: ಹೆಚ್ಚು ಅಧ್ಯಯನವಾದದ್ದಕ್ಕೆ ಹೆಚ್ಚು ನಂಟು ಸಿಗುತ್ತವೆ. 2008ರಲ್ಲಿ ಯೀಸ್ಟಿನ ನಂಟುಗಳನ್ನು ಒಂದೇ ಬಗೆಯಲ್ಲಿ ಎಚ್ಚರದಿಂದ ಮತ್ತೆ ಅಳೆದಾಗ, ನಂಟಿನ ಸಂಖ್ಯೆಗೂ ಜೀವಕ್ಕೆ ಅನಿವಾರ್ಯವಾಗಿರುವುದಕ್ಕೂ ಹಿಂದೆ ಹೇಳಿದ ಸಂಬಂಧ ಕಾಣಲಿಲ್ಲ. ಕಂಡದ್ದು ಬೇರೆ: ಹಬ್‌ಗಳನ್ನು ತೆಗೆದಾಗ ಒಂದಲ್ಲ, ಹಲವು ಗುಣಗಳು ಕೆಟ್ಟವು. ತಳಿ ಮಾಡುವವರು ಹೆದರಬೇಕಾದದ್ದು ಇದಕ್ಕೇ. ನೆಟೆ ನಿಲ್ಲಿಸಲು ಹೋಗಿ ಹೂ ಬಿಡುವ ಕಾಲ ತಪ್ಪಿದರೆ, ಕಾಳು ಸಣ್ಣದಾದರೆ, 2022ರಲ್ಲಿ ಭೌಗೋಳಿಕ ಗುರುತು ಪಡೆದ ತಾಂಡೂರಿನ ತೊಗರಿಯ ಹೆಸರಿನಲ್ಲಿ ಮಾರಲು ಉಳಿಯುವುದೇನು?

ಮದ್ದು ಇಲ್ಲದೆಯೂ ಇಲ್ಲ. ತೊಗರಿಯನ್ನು ಜೋಳದ ಜತೆ ಬಿತ್ತಿದರೆ ನೆಟೆ ಕಡಿಮೆಯೆಂದು ಇಕ್ರಿಸ್ಯಾಟಿನ ಪ್ರಯೋಗಗಳೇ ತೋರಿಸಿವೆ. ಮೈಸೂರಿನ ಪಿ.ವಿ. ಸತೀಶ್ ಗೆಳೆಯರೊಡನೆ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಪಸ್ತಾಪುರದ ಸುತ್ತ ಒಂದೇ ಹೊಲದಲ್ಲಿ ಜೋಳ, ತೊಗರಿ, ಸಜ್ಜೆ, ಅಲಸಂದೆ ಕೂಡಿಸಿಯೇ ಬೆಳೆಯುತ್ತಾರೆ. ಜೋಳದ ಬೇರು ತೊಗರಿಯ ಬೇರಿಗೆ ಏನು ಮಾಡುತ್ತದೆ? ನನ್ನ ಕೈಯಲ್ಲಿ ಸಂಶೋಧನೆಯ ಹಣವಿದ್ದರೆ ಮೊದಲ ಕಂತು ಈ ಪ್ರಶ್ನೆಗೆ.

ಹಬ್ ಹುಡುಕುವವರು ಹುಡುಕಲಿ, ಒಂದು ಕರಾರು ಮಾತ್ರ. ಹತ್ತು ಹಬ್ ಆರಿಸಿದರೆ, ಚೀಟಿ ಎತ್ತಿ ಕಡಿಮೆ ನಂಟಿನ ಹತ್ತನ್ನೂ ಆರಿಸಿ. ಯಾವುದು ಯಾವುದೆಂದು ಹೊಲದವರಿಗೆ ಹೇಳದೆ, ಎರಡೂ ಬಗೆಯ ಪ್ರೋಟೀನ್ ಬದಲಿಸಿದ ಗಿಡಗಳನ್ನು ನೆಟೆ ತುಂಬಿದ ಒಂದೇ ತಾಕಿನಲ್ಲಿ ಬೆಳೆಸಿ, ಕಾಯಿ ಕಚ್ಚುವ ಹೊತ್ತಿಗೆ ಎಷ್ಟು ಗಿಡ ನಿಂತಿವೆ ಎಣಿಸಿ.